ಎರಿ ಮಣ್ಣಿನ ಎತ್ತು ಯಾಕ ಸೀಳ್ತಾವ? ಸಣ್ಣ ಮಕ್ಕಳ ಕೈಕೆಲಸ ಮತ್ತು ನಿಸರ್ಗ ನೋಡೂದರ ಬಗ್ಗೆ ಪ್ರಶ್ನೋತ್ತರ

ಗುಂಪಿನ ನಿರ್ವಾಹಕರು: ಎಲ್ಲರಿಗೂ ನಮಸ್ಕಾರ. ಮೂರರಿಂದ ಏಳು ವರ್ಷದ ಮಕ್ಕಳ ಮಣ್ಣಿನ ಕೆಲಸ, ಬಣ್ಣ, ಗಿಡ-ಹುಳ ನೋಡುವ ಚಟುವಟಿಕೆಗಳ ಬಗ್ಗೆ ನೀವು ಕೇಳಿದ ಪ್ರಶ್ನೆಗಳಿಗೆ ಧಾರವಾಡದ ಚಿತ್ರಕಲಾ ಶಿಕ್ಷಕಿಯೊಬ್ಬರು ಮತ್ತು ಗದಗಿನಲ್ಲಿ ಶಿಕ್ಷಕರಿಗೆ ಪರಿಸರ ತರಬೇತಿ ಕೊಡುವ ಸರ್ ಒಬ್ಬರು ಉತ್ತರ ಬರೆದಿದ್ದಾರೆ. ಎಲ್ಲವನ್ನೂ ಒಂದೇ ಕಡೆ ಹಾಕಿದ್ದೇವೆ.

ಪ್ರಶ್ನೆ (ಅಂಗನವಾಡಿ ಕಾರ್ಯಕರ್ತೆ, ನವಲಗುಂದ ತಾಲೂಕು): ನಮಸ್ಕಾರ್ರಿ ಅಕ್ಕಾರ. ಮಣ್ಣೆತ್ತಿನ ಅಮಾಸಿಗೆ ಹುಡುಗೂರ ಕಡೆ ಎತ್ತು ಮಾಡಸ್ತೀವ್ರಿ. ನಮ್ಮದು ಪೂರಾ ಎರಿ ಭೂಮಿ. ಮಾಡಿದ ಮರುದಿನನ ಕಾಲು ಬಿಚ್ಚತಾವ, ಕೋಡು ಉದರತಾವ. ಇಪ್ಪತ್ತು ಮಕ್ಕಳು ಅದಾರ. ಎಷ್ಟು ಮಣ್ಣು ಬೇಕಾಗತೈತಿ, ಅದಕ್ಕ ಏನು ಕೂಡಸಬೇಕು?

ಉತ್ತರ (ಚಿತ್ರಕಲಾ ಶಿಕ್ಷಕಿ): ಎರಿ ಮಣ್ಣಿನ ಗುಣವೇ ಅದು. ನೀರು ಕುಡಿದರೆ ಉಬ್ಬುತ್ತದೆ, ಆರಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ನಿಮ್ಮ ಹೊಲ ಹೇಗೆ ಬಿರಿಯುತ್ತದೋ ಎತ್ತೂ ಹಾಗೆಯೇ ಬಿರಿಯುತ್ತದೆ. ತೆಳ್ಳಗಿನ ಕಾಲು, ಕೋಡು ಬೇಗ ಆರಿ ಮೊದಲು ಕುಗ್ಗುತ್ತವೆ, ದಪ್ಪ ಹೊಟ್ಟೆ ಇನ್ನೂ ಹಸಿ ಇರುತ್ತದೆ. ಎರಡೂ ಕೂಡುವ ಜಾಗದಲ್ಲಿ ಎಳೆತ ಬಿದ್ದು ಅಲ್ಲೇ ಸೀಳುತ್ತದೆ.

ಮೂರು ಪಾಲು ಎರಿ ಮಣ್ಣಿಗೆ ಒಂದು ಪಾಲು ಸಣ್ಣ ಉಸುಕು ಕೂಡಿಸಿ. ಉಸುಕು ಕುಗ್ಗುವುದಿಲ್ಲ, ಹಾಗಾಗಿ ಒಟ್ಟು ಕುಗ್ಗುವಿಕೆ ಕಡಿಮೆಯಾಗುತ್ತದೆ. ಇದರ ಜೊತೆ ಕೈಯಲ್ಲಿ ತಿಕ್ಕಿ ಪುಡಿ ಮಾಡಿದ ಹೊಟ್ಟು ಎರಡು ಮುಷ್ಟಿ. ಹೊಟ್ಟಿನ ಎಳೆಗಳು ಮಣ್ಣನ್ನು ಹಿಡಿದುಕೊಳ್ಳುತ್ತವೆ. ಉಸುಕು ಇದಕ್ಕಿಂತ ಹೆಚ್ಚಾದರೆ ಮಣ್ಣು ಪುಡಿಪುಡಿಯಾಗಿ ಕೋಡು ಎಳೆಯಲು ಬರುವುದಿಲ್ಲ.

ಒಂದು ಮಗುವಿಗೆ ಕಾಲು ಕಿಲೋ ಹಸಿ ಮಣ್ಣು ಸಾಕು. ಇಪ್ಪತ್ತು ಮಕ್ಕಳಿಗೆ ಐದು ಕಿಲೋ, ಅಂದರೆ ಉಸುಕೂ ಸೇರಿ ಸುಮಾರು ನಾಲ್ಕು ಕಿಲೋ ಒಣ ಮಿಶ್ರಣ. ಗಟಾರ, ಶೌಚಾಲಯದ ಹತ್ತಿರದ ಮಣ್ಣು ಬೇಡ. ಮಣ್ಣನ್ನು ಬಿಸಿಲಲ್ಲಿ ಹರಡಿ, ಹೆಂಟೆ ಒಡೆದು, ಜರಡಿ ಹಿಡಿಯಿರಿ. ಗಾಜಿನ ಚೂರು, ಜಾಲಿ ಮುಳ್ಳು ಅಲ್ಲೇ ಸಿಗುತ್ತವೆ. ಒಂದು ಲೀಟರ್ ನೀರಿನಿಂದ ಶುರು ಮಾಡಿ, ಬೇಕಾದಷ್ಟೇ ಮುಂದೆ ಹಾಕುತ್ತ ಹೋಗಿ. ಒಂದು ದಿನ ನೆನೆಯಲಿ, ಮರುದಿನ ಚೆನ್ನಾಗಿ ತುಳಿದು ನಾದಿ, ಹಸಿ ಗೋಣಿತಟ್ಟಿನಲ್ಲಿ ಮುಚ್ಚಿ ಇನ್ನೊಂದು ದಿನ ಬಿಡಿ. ಹದ ಗೊತ್ತಾಗಬೇಕೆಂದರೆ ಪೆನ್ಸಿಲ್ ದಪ್ಪದ ಬತ್ತಿ ಹೊಸೆದು ಬೆರಳಿಗೆ ಸುತ್ತಿ. ಬಿರುಕು ಬಿಟ್ಟರೆ ನೀರು ಕಡಿಮೆ, ಅಂಗೈಗೆ ಅಂಟಿಕೊಂಡರೆ ನೀರು ಹೆಚ್ಚು.

ಮಾಡಿಸುವ ರೀತಿಯಲ್ಲೇ ಅರ್ಧ ಸೀಳು ತಪ್ಪಿಸಬಹುದು. ಕಾಲು, ಕೋಡು, ಇಣಿ (ಬೆನ್ನಿನ ಡುಬ್ಬ) ಬೇರೆ ಮಾಡಿ ಅಂಟಿಸಬೇಡಿ. ಒಂದೇ ಮುದ್ದೆಯಿಂದ ಚಿವುಟಿ ಹೊರಗೆ ಎಳೆಯಲಿ. ಕಾಲು ದೊಡ್ಡವರ ಹೆಬ್ಬೆರಳಿನಷ್ಟು ದಪ್ಪ ಇರಲಿ, ಗಿಡ್ಡ ಇರಲಿ. ಅಂಟಿಸಲೇಬೇಕಾದರೆ ಎರಡೂ ಮೈ ಕಡ್ಡಿಯಿಂದ ಗೀರಿ, ನಡುವೆ ತೆಳು ಕೆಸರು ಹಚ್ಚಿ, ಅಲುಗಾಡಿಸುತ್ತ ಒತ್ತಬೇಕು. ಗಟ್ಟಿ ಇರಲೆಂದು ಕಾಲೊಳಗೆ ಕಡ್ಡಿ ಸೇರಿಸುವವರಿದ್ದಾರೆ. ಮಣ್ಣು ಕುಗ್ಗುತ್ತದೆ, ಕಡ್ಡಿ ಕುಗ್ಗುವುದಿಲ್ಲ. ಕಡ್ಡಿಯ ಉದ್ದಕ್ಕೂ ಕಾಲು ಸೀಳುತ್ತದೆ. ಕಣ್ಣಿಗೆ ಜೋಳದ ಕಾಳು ಸಾಕು. ಅದನ್ನೂ ಎತ್ತು ಅರೆ ಆರಿದ ಮೇಲೆ ಒತ್ತಿ, ತೀರಾ ಹಸಿ ಮಣ್ಣಿನಲ್ಲಿ ಕಾಳು ಉಬ್ಬಿ ಸುತ್ತ ಬಿರುಕು ಬಿಡುತ್ತದೆ. ಗುಲಗಂಜಿ ಮಾತ್ರ ಮಕ್ಕಳ ಕೈಗೆ ಕೊಡಲೇಬೇಡಿ, ಅದು ವಿಷದ ಬೀಜ.

ಒಣಗಿಸುವುದು ನೆರಳಲ್ಲಿ, ನಾಲ್ಕೈದು ದಿನ. ಮೊದಲ ದಿನ ಹಸಿ ಅರಿವೆ ಹೊದಿಸಿ, ಎರಡನೇ ದಿನ ತೆಗೆಯಿರಿ, ದಿನಕ್ಕೊಮ್ಮೆ ಮಗ್ಗುಲು ಬದಲಿಸಿ. ಬಿಸಿಲಿಗೆ ಇಟ್ಟರೆ ಮೇಲೆ ಹೇಳಿದ್ದೆಲ್ಲ ವ್ಯರ್ಥ.

ಇನ್ನೊಂದು ಮಾತು. ಉಸುಕು ಹಾಕಿದ ಒಂದು ಬಿಲ್ಲೆ, ಹಾಕದ ಒಂದು ಬಿಲ್ಲೆ, ಎರಡನ್ನೂ ಒಂದೇ ಅಳತೆಯಲ್ಲಿ ತಟ್ಟಿ ಕಿಟಕಿಯ ಬಳಿ ಇಡಿ. ಮಕ್ಕಳು ದಿನಾ ನೋಡಲಿ. ಯಾವುದು ಬಿರಿಯಿತು, ಎಲ್ಲಿಂದ ಬಿರಿಯಿತು ಎಂದು ಅವರೇ ಹೇಳುತ್ತಾರೆ. ಚಂದದ ಎತ್ತು ಮಾಡಿಸುವುದಕ್ಕಿಂತ ಇದರಿಂದ ಹೆಚ್ಚು ಕಲಿಯುತ್ತಾರೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಪ್ರಶ್ನೆ (ತಾಯಿ, ಹುಬ್ಬಳ್ಳಿ ವಿದ್ಯಾನಗರ): ಎರಡೂವರೆ ವರ್ಷದ ಮಗ ಮಣ್ಣು ಬಾಯಿಗೆ ಹಾಕ್ಕೊಳ್ತಾನ್ರಿ. ಅವನಿಗೆ ಏನು ಕೊಡಬೇಕು?

ಉತ್ತರ (ಚಿತ್ರಕಲಾ ಶಿಕ್ಷಕಿ): ಚಪಾತಿಗೆ ನಾದುವ ಕಣಕವನ್ನೇ ಕೊಡಿ, ಸ್ವಲ್ಪ ಗಟ್ಟಿಯಾಗಿ, ಒಂದು ಚಮಚ ಎಣ್ಣೆ ಹಾಕಿ. ಉಪ್ಪಿನ ಹಿಟ್ಟಿನ ಪಾಕ (ಎರಡು ಬಟ್ಟಲು ಹಿಟ್ಟು, ಒಂದು ಬಟ್ಟಲು ಉಪ್ಪು, ಮುಕ್ಕಾಲು ಬಟ್ಟಲು ನೀರು) ಒಣಗಿಸಿ ಇಡಲು ಒಳ್ಳೆಯದು, ಆದರೆ ಬಾಯಿಗೆ ಹಾಕಿಕೊಳ್ಳುವ ವಯಸ್ಸಿಗೆ ಅಷ್ಟು ಉಪ್ಪು ಅಪಾಯ. ಆಡುವಾಗ ಒಮ್ಮೊಮ್ಮೆ ರುಚಿ ನೋಡುವುದು ಬೇರೆ. ದಿನಾ ಹುಡುಕಿ ಹುಡುಕಿ ಮಣ್ಣು, ಸುಣ್ಣ, ಬಳಪ ತಿನ್ನುತ್ತಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ರಕ್ತಹೀನತೆ, ಕಬ್ಬಿಣಾಂಶದ ಕೊರತೆ ಇರುವ ಮಕ್ಕಳಲ್ಲಿ ಈ ಅಭ್ಯಾಸ ಕಾಣಿಸುತ್ತದೆ.

ಪ್ರಶ್ನೆ (ಪ್ರಾಥಮಿಕ ಶಾಲೆ ಶಿಕ್ಷಕ, ಹಾವೇರಿ ಜಿಲ್ಲೆ): ಮಣ್ಣಿನಿಂದಲೇ ಬಣ್ಣ ಮಾಡಿ ಚಿತ್ರ ಬಿಡಿಸಿದೆವು. ಒಣಗಿದ ಮೇಲೆ ಹಾಳಿ ಝಾಡಿಸಿದರೆ ಬಣ್ಣ ಉದುರಿ ಹೋಗುತ್ತದೆ. ಏನು ತಪ್ಪಿದೆ?

ಉತ್ತರ (ಚಿತ್ರಕಲಾ ಶಿಕ್ಷಕಿ): ಅಂಟು ಹಾಕಿಲ್ಲ. ನೀರು ಆರಿದ ಮೇಲೆ ಮಣ್ಣಿನ ಕಣಗಳನ್ನು ಕಾಗದಕ್ಕೆ ಹಿಡಿದಿಡಲು ಏನೂ ಉಳಿದಿಲ್ಲ.

ಮೊದಲು ಮಣ್ಣನ್ನು ತೊಳೆದು ನುಣ್ಣಗೆ ಮಾಡಿ. ಒಂದು ಬೊಗಸೆ ಕೆಂಪು ಮಣ್ಣನ್ನು ಅರ್ಧ ಬಕೆಟ್ ನೀರಿಗೆ ಹಾಕಿ ಜೋರಾಗಿ ಕಲಸಿ, ಅರವತ್ತು ಎಣಿಸುವವರೆಗೆ ಬಿಡಿ (ಮಕ್ಕಳೇ ಎಣಿಸಲಿ). ಉಸುಕು ತಳಕ್ಕೆ ಕೂರುತ್ತದೆ. ಮೇಲಿನ ಕೆಂಪು ನೀರನ್ನು ಮಾತ್ರ ಇನ್ನೊಂದು ಪಾತ್ರೆಗೆ ಬಗ್ಗಿಸಿ ರಾತ್ರಿಯಿಡೀ ಬಿಟ್ಟರೆ, ಬೆಳಿಗ್ಗೆ ತಳದಲ್ಲಿ ಬೆಣ್ಣೆಯಂಥ ನುಣುಪು ಮಣ್ಣು, ಮೇಲೆ ತಿಳಿನೀರು. ತಿಳಿನೀರು ಚೆಲ್ಲಿ. ಅಂಟಿಗೆ ನಮ್ಮ ಬದುಗಳಲ್ಲಿರುವ ಜಾಲಿ ಗಿಡದ ಅಂಟು ಒಂದು ಪಾಲು, ನೀರು ಎರಡು ಪಾಲು, ರಾತ್ರಿ ನೆನೆಸಿ ಅರಿವೆಯಲ್ಲಿ ಸೋಸಿ. ಎರಡು ಚಮಚ ಮಣ್ಣಿಗೆ ಒಂದು ಚಮಚ ಅಂಟುನೀರು. ಅಂಟು ಹೆಚ್ಚಾದರೂ, ಬಣ್ಣ ದಪ್ಪಗೆ ಹಚ್ಚಿದರೂ ಒಣಗಿದಾಗ ಹೊಪ್ಪಳಿಕೆ ಏಳುತ್ತದೆ. ಜಾಲಿ ಅಂಟು ಸಿಗದಿದ್ದರೆ ಅನ್ನದ ಗಂಜಿ ನಡೆಯುತ್ತದೆ, ಆದರೆ ಅದು ಎರಡೇ ದಿನಕ್ಕೆ ಹುಳಿತು ನಾರುತ್ತದೆ, ಅಂದಂದೇ ಕಲಸಿಕೊಳ್ಳಿ.

ಕಪ್ಪಿಗೆ ತೆಂಗಿನ ಚಿಪ್ಪಿನ ಇದ್ದಿಲು ಅರೆದದ್ದು, ಬಿಳಿಗೆ ಬಳಪದ ಪುಡಿ, ಹಳದಿಗೆ ಅರಿಷಿಣ. ಮನೆಗೆ ಬಳಿಯುವ ಸುಣ್ಣವನ್ನು ಬಿಳಿಗೆ ಬಳಸಬೇಡಿ, ಕಣ್ಣಿಗೆ ಸಿಡಿದರೆ ದೃಷ್ಟಿಗೇ ಕುತ್ತು. ಅರಿಷಿಣ ಕೆಂಪಾಗುವುದನ್ನು ತೋರಿಸಬೇಕೆಂದರೆ ಸುಣ್ಣದ ಬದಲು ಅಡುಗೆ ಸೋಡಾ ನೀರು ಸಾಕು. ದಾಸವಾಳದ ಹೂವನ್ನು ಬಿಸಿನೀರಲ್ಲಿ ಹಿಂಡಿದ ರಸಕ್ಕೆ ನಿಂಬೆಹಣ್ಣು ಹಿಂಡಿದರೆ ಕೆಂಪೇರುತ್ತದೆ, ಸೋಡಾ ಹಾಕಿದರೆ ಹಸಿರಿಗೆ ತಿರುಗುತ್ತದೆ. ಅಲ್ಲೇ ಒಂದು ಪಾಠ ಆಯಿತು. ಬೀಟ್‌ರೂಟ್ ಬಣ್ಣ ಚಂದ, ಆದರೆ ಬೆಳಕಿಗೆ ಬೇಗ ಮಾಸುತ್ತದೆ. ಗೋಡೆಗೆ ತೂಗುಹಾಕುವ ಚಿತ್ರಕ್ಕೆ ಮಣ್ಣಿನ ಬಣ್ಣವೇ ಬಾಳುವುದು. ಸಾಗವಾನಿಯ ಎಳೆ ಎಲೆ ಅಂಗೈಯಲ್ಲಿ ತಿಕ್ಕಿದರೆ ರಕ್ತದಂಥ ಕೆಂಪು ಬರುತ್ತದೆ, ಧಾರವಾಡ ಕಡೆಯ ಮಕ್ಕಳಿಗೆ ಇದನ್ನು ಹೇಳಿಕೊಡುವುದೇ ಬೇಕಿಲ್ಲ.

ಬ್ರಷ್ ಕೊಳ್ಳಬೇಕಾಗಿಲ್ಲ. ಬೇವಿನ ಕಡ್ಡಿಯ ತುದಿ ಜಜ್ಜಿದರೆ ಆಯಿತು.

ಪ್ರಶ್ನೆ (ತಾಯಿ, ಧಾರವಾಡ): ಮಗಳಿಗೆ ಐದು ವರ್ಷ. ಯಾವ ಗಿಡ ಬಿಡಿಸು ಅಂದರೂ ಕಂದು ಕಂಬ, ಮೇಲೆ ಹಸಿರು ಮೋಡ, ಅದರಲ್ಲಿ ಕೆಂಪು ಸೇಬು. ನಮ್ಮ ಓಣಿಯಲ್ಲಿ ಸೇಬಿನ ಗಿಡವೇ ಇಲ್ಲ! ಹೊರಗೆ ಕರೆದೊಯ್ದು ಕೂರಿಸಿದರೂ ಅದೇ. ನಾನು ಬಿಡಿಸಿ ತೋರಿಸಬೇಕೆ?

ಉತ್ತರ (ಚಿತ್ರಕಲಾ ಶಿಕ್ಷಕಿ): ಬಿಡಿಸಿ ತೋರಿಸಬೇಡಿ. ತೋರಿಸಿದರೆ ಸೇಬಿನ ಗಿಡದ ಬದಲು ನಿಮ್ಮ ಗಿಡವನ್ನು ನಕಲು ಮಾಡುತ್ತಾಳೆ ಅಷ್ಟೇ. ಈ ವಯಸ್ಸಿನ ಮಕ್ಕಳು ಕಣ್ಣೆದುರಿನದಕ್ಕಿಂತ ತಮಗೆ ಗೊತ್ತಿರುವುದನ್ನು ಬಿಡಿಸುತ್ತಾರೆ, ಅದು ಸಹಜ ಹಂತ. ಆದರೆ ಸೇಬಿನ ಗಿಡ ಅವಳಿಗೆ ಗೊತ್ತಿರುವುದು ಬಣ್ಣ ತುಂಬುವ ಪುಸ್ತಕದಿಂದ. ನಿಜವಾದ ಗಿಡ ಗೊತ್ತಾದರೆ ಚಿತ್ರ ತಾನೇ ಬದಲಾಗುತ್ತದೆ.

ಇಡೀ ಗಿಡ ಬೇಡ. ರಟ್ಟಿನಲ್ಲಿ ನಾಲ್ಕು ಬೆರಳು ಅಗಲದ ಚೌಕ ಕಿಟಕಿ ಕತ್ತರಿಸಿ, ಬೇವಿನ ಗಿಡದ ತೊಗಟೆಗೆ ಹಿಡಿಯಿರಿ. ಮೊದಲ ಐದು ನಿಮಿಷ ಪೆನ್ಸಿಲ್ ಇಲ್ಲ. ಬೆರಳಾಡಿಸಲಿ. ಬಿರುಕು ಮೇಲಿಂದ ಕೆಳಗೋ ಅಡ್ಡವೋ? ಬಿರುಕಿನೊಳಗೆ ಬಣ್ಣ ಬೇರೆಯೇ? ಇರುವೆ ಯಾವ ದಾರಿ ಹಿಡಿದಿದೆ? ನೀವು ಉತ್ತರ ಹೇಳಬೇಡಿ. ಆಮೇಲೆ ಕಿಟಕಿಯಲ್ಲಿ ಕಂಡಷ್ಟನ್ನೇ, ಅಷ್ಟೇ ಅಳತೆಯ ಕಾಗದದ ಮೇಲೆ ಬಿಡಿಸಲಿ. ಇನ್ನೊಂದು ದಿನ ಒಂದು ಬೇವಿನ ಎಸಳು ಕೈಗೆ ಕೊಡಿ. ಕಡ್ಡಿಯ ಎರಡೂ ಬದಿ ಎಲೆಗಳು ಎದುರುಬದುರು ಇವೆಯೋ, ಹಿಂದೆಮುಂದೆಯೋ, ಅಂಚಿನ ಹಲ್ಲು ಯಾವ ಕಡೆ ಬಾಗಿವೆ, ಎಲೆಯ ಎರಡು ಅರ್ಧ ಸಮ ಇವೆಯೋ ನೋಡಲಿ. ಬೇವಿನ ಎಲೆ ಬುಡದಲ್ಲಿ ಓರೆ, ಒಂದು ಅರ್ಧ ದೊಡ್ಡದು. ಬಹಳ ದೊಡ್ಡವರೇ ಇದನ್ನು ಗಮನಿಸಿರುವುದಿಲ್ಲ, ಮಕ್ಕಳು ಹಿಡಿಯುತ್ತಾರೆ.

ಐದರ ಮಗು ಒಂದೇ ವಸ್ತುವಿನ ಮುಂದೆ ಹತ್ತು ನಿಮಿಷ ಕೂತರೆ ಸಾಕು, ಎಳೆಯಬೇಡಿ. ಅವಳ ಹಾಳೆಯ ಮೇಲೆ ನಿಮ್ಮ ಗೆರೆ ಬೀಳಬಾರದು. "ಚಂದ ಐತಿ" ಅನ್ನುವ ಬದಲು "ಇಲ್ಲಿ ಗೆರಿ ದಪ್ಪ ಮಾಡಿಯಲ್ಲ, ಯಾಕ?" ಎಂದು ಕೇಳಿ, ಅವಳು ಹೇಳಿದ ಮಾತನ್ನು ಹಾಗೆಯೇ ಹಿಂದೆ ಬರೆದು ತಾರೀಖು ಹಾಕಿ.

ಪ್ರಶ್ನೆ (ಅದೇ ತಾಯಿ): ಎಲೆಯ ಅಚ್ಚು ತೆಗೆದೆವು, ಕಾಗದದ ಮೇಲೆ ಬರೀ ಬಣ್ಣದ ಕಲೆ ಬಂತು, ನರ ಕಾಣಲಿಲ್ಲ.

ಉತ್ತರ (ಚಿತ್ರಕಲಾ ಶಿಕ್ಷಕಿ): ಎಲೆಯ ಬೆನ್ನು ಮೇಲೆ ಬರಬೇಕು, ನರಗಳು ಉಬ್ಬಿರುವುದು ಅಲ್ಲಿ. ಅದರ ಮೇಲೆ ಹಾಸುವ ಕಾಗದ ತೆಳ್ಳಗಿರಲಿ. ಮೇಣದ ಬಣ್ಣದ ಕಡ್ಡಿಯ ಸುತ್ತಿನ ಕಾಗದ ಕಿತ್ತು, ಅಡ್ಡ ಮಲಗಿಸಿ ಹಗುರಾಗಿ ಸವರಬೇಕು. ತುದಿಯಿಂದ ಒತ್ತಿದರೆ ಕಲೆಯೇ ಬರುತ್ತದೆ. ಅರಳಿ, ಸಾಗವಾನಿ, ಹುಲಗಲ (ಹೊಂಗೆ) ಎಲೆ ಒಳ್ಳೆಯವು. ಕಿತ್ತ ತಕ್ಷಣದ ರಸಭರಿತ ಎಲೆ ಹಿಸುಕುತ್ತದೆ, ಒಣ ಎಲೆ ಪುಡಿಯಾಗುತ್ತದೆ, ಒಂದು ರಾತ್ರಿ ರದ್ದಿ ಪೇಪರಿನ ನಡುವೆ ಇಟ್ಟ ಎಲೆ ಸರಿ.

ಪ್ರಶ್ನೆ (ನರ್ಸರಿ ಟೀಚರ್, ಗದಗ): ಸರ, ಕರಿಬೇವಿನ ಗಿಡದಾಗಿನ ಹುಳ ತಂದು ಬಾಟಲಿಯೊಳಗ ಇಟ್ಟಿದ್ವಿ, ಪಾತರಗಿತ್ತಿ ಆಗೂದು ಮಕ್ಕಳಿಗೆ ತೋರಸೋಣ ಅಂತ. ಎಲ್ಲಾ ಸತ್ತು ಹೋದುವು. ಮಕ್ಕಳು ಭಾಳ ಬ್ಯಾಸರ ಮಾಡಕೊಂಡ್ರು.

ಉತ್ತರ (ಪರಿಸರ ತರಬೇತುದಾರ): ಬಾಟಲಿ ಮುಚ್ಚಳದಾಗ ನಾಕು ತೂತು ಹೊಡದ್ರ ಸಾಲಂಗಿಲ್ರಿ. ಎಲಿ, ಹಿಕ್ಕಿ ಎರಡರಿಂದಲೂ ಒಳಗ ಪಸಿ ತುಂಬತೈತಿ, ಬೂಸರು ಹಿಡಿತೈತಿ, ಹುಳಕ್ಕ ರೋಗ ಬರತೈತಿ. ಗಾಳಿ ಕಮ್ಮಿ ಆಗಿ ಸಾಯೂದಕ್ಕಿಂತ ಇದರಿಂದ ಸಾಯೂದ ಹೆಚ್ಚು.

ಅಗಲ ಬಾಯಿ ಡಬ್ಬಿ ತಗೊಂಡು ಬಾಯಿಗೆ ತೆಳು ವಾಯಿಲ್ ಅರಿವಿ ಕಟ್ರಿ. ತಳಕ್ಕ ಪೇಪರ್ ಹಾಸಿ ದಿನಾ ಬದಲಿ ಮಾಡ್ರಿ. ಟೊಂಗಿಯ ಬುಡ ಸಣ್ಣ ಶೀಶೆ ನೀರಾಗ ಇಟ್ಟು, ಶೀಶೆ ಬಾಯಿ ಹತ್ತಿಯಿಂದ ಬಿಗಿ ಮಾಡ್ರಿ. ಬಿಟ್ರ ಹುಳ ಕೆಳಗ ಇಳದು ನೀರಾಗ ಮುಳಗತೈತಿ. ಎಲಿ ಅದ ಜಾತಿ ಗಿಡದ್ದ ಬೇಕು, ಔಷಧ ಹೊಡದಿರಬಾರದು. ಪ್ಯಾಟಿಯಿಂದ ತಂದ ಕರಿಬೇವು ಹಾಕಬ್ಯಾಡ್ರಿ, ಅದರ ಮ್ಯಾಲ ಏನು ಸಿಂಪಡಿಸಿರತಾರೋ ಗೊತ್ತಾಗಂಗಿಲ್ಲ. ಒಂದು ಡಬ್ಬಿಗೆ ಎರಡ ಹುಳ ಸಾಕು. ಕೈಯಿಂದ ಹಿಡದು ಎತ್ತಬ್ಯಾಡ್ರಿ, ಎಲಿ ಸಮೇತ ಸರಸ್ರಿ.

ಸಣ್ಣದಿದ್ದಾಗ ಅದು ಹಕ್ಕಿ ಹಿಕ್ಕಿಯಂಗ ಕಪ್ಪು-ಬಿಳಿ ಕಾಣತೈತಿ, ಕಡೀ ಸಲ ಪೊರಿ ಕಳಚಿದ ಮ್ಯಾಲ ಹಸರ ಆಗತೈತಿ. ಮುಟ್ಟಿದ್ರ ತಲಿ ಹಿಂದಿಂದ ಕವಲಿನ ಕೋಡು ಹೊರಗ ಹಾಕತೈತಿ, ವಾಸನಿ ಬರತೈತಿ. ಅದು ವೈರಿಗಳನ್ನ ಓಡಸೂದಕ್ಕ, ಕಡಿಯಂಗಿಲ್ಲ. ಆದ್ರ ಮೈತುಂಬ ಕೂದಲ ಇರೂ ಕಂಬಳಿಹುಳ ಯಾವದೂ ಮಕ್ಕಳ ಹತ್ರ ತರಬ್ಯಾಡ್ರಿ. ಮೊಟ್ಟಿಯಿಂದ ಪಾತರಗಿತ್ತಿ ತನಕ ಹೆಚ್ಚುಕಮ್ಮಿ ಒಂದು ತಿಂಗಳು, ಥಂಡಿ ದಿನದಾಗ ಇನ್ನೂ ತಡ.

ಕೋಶ ಕಟ್ಟೂ ಮೊದಲ ಹುಳ ತಿನ್ನೂದು ಬಿಟ್ಟು ತಿರುಗಾಡತೈತಿ, ನೀರುನೀರಾಗಿ ಹಿಕ್ಕಿ ಹಾಕತೈತಿ. ರೋಗ ಬಂತು ಅಂತ ಹೆದರಿ ಚೆಲ್ಲಬ್ಯಾಡ್ರಿ. ಒಂದು ಕಡ್ಡಿ ಓರೆಯಾಗಿ ನಿಲ್ಲಸ್ರಿ, ಅದಕ್ಕ ಬಾಲ ಅಂಟಿಸಿ, ನಡಕ್ಕ ನೂಲಿನ ಪಟ್ಟಿ ಕಟಗೊಂಡು ಒರಗತೈತಿ. ಆಮ್ಯಾಲ ಮುಟ್ಟೂದು ಬ್ಯಾಡ. ಹೊರಗ ಬಂದಾಗ ರೆಕ್ಕಿ ಮುದುಡಿರತಾವ, ಜೋತುಬಿದ್ದು ಅವನ್ನ ಬಿಚ್ಚಾಕ ಕೆಳಗ ಜಾಗ ಬೇಕು. ಡಬ್ಬಿ ಗಿಡ್ಡ ಆದ್ರ ರೆಕ್ಕಿ ಸೊಟ್ಟ ಒಣಗತಾವ, ಮುಂದ ಹಾರಾಕ ಬರಂಗಿಲ್ಲ. ಮೊದಲನೇ ತಾಸು ಬಿಟ್ಟು, ರೆಕ್ಕಿ ಪೂರಾ ಒಣಗಿದ ಮ್ಯಾಲ ಅದ ಗಿಡದ ಹತ್ರ ಬಿಡ್ರಿ.

ಪ್ರಶ್ನೆ (ಪಾಲಕರು, ಹುಬ್ಬಳ್ಳಿ): ನಾವು ಅಪಾರ್ಟ್‌ಮೆಂಟಿನ ಮೂರನೇ ಮಹಡಿ. ಗಿಡ ಇಲ್ಲ, ಮಣ್ಣಿಲ್ಲ.

ಉತ್ತರ (ಪರಿಸರ ತರಬೇತುದಾರ): ಒಂದು ಗಾಜಿನ ಗ್ಲಾಸ್ ಸಾಕ್ರಿ. ಒಳಗೋಡಿಗೆ ಅರಿವಿ ಸುತ್ತಿ, ಗಾಜು ಮತ್ತು ಅರಿವಿ ನಡುವ ಅರ್ಧ ಎತ್ತರದಾಗ ಅವರಿ, ಅಲಸಂದಿ, ಹೆಸರ ಕಾಳು ಸಿಗಸ್ರಿ. ತಳದಾಗ ಒಂದು ಬೆರಳು ನೀರು; ಕಾಳಿಗೆ ನೀರು ಮುಟ್ಟಿದ್ರ ಕೊಳಿತೈತಿ, ಅರಿವಿ ತಾನ ಮ್ಯಾಲ ಎಳಕೊಳ್ಳತೈತಿ. ಒಂದ ಜಾತಿ ಕಾಳನ್ನ ಒಂದು ನೆಟ್ಟಗ, ಒಂದು ಉಲ್ಟಾ, ಒಂದು ಅಡ್ಡ ಇಡ್ರಿ. ಉಲ್ಟಾ ಇಟ್ಟದ್ದರ ಬೇರು ಮ್ಯಾಲ ಬಂದು, ಹೊಳ್ಳಿ, ಕೆಳಗ ಇಳಿಯೂದನ್ನ ಮಕ್ಕಳು ಉಸಿರು ಹಿಡದು ನೋಡತಾರ. ಉದ್ದನ ಕಾಗದ ಎಂಟು ಮಡಕಿ ಮಾಡಿ, ದಿನಕ್ಕ ಒಂದು ಮಡಕಿಯಾಗ ಅದ ಗ್ಲಾಸಿನ ಚಿತ್ರ. ಹೆಸರ ಎರಡ ದಿನಕ್ಕ ಬಾಯಿ ಬಿಡತೈತಿ, ಅವರಿಗೆ ಇನ್ನೂ ಎರಡ್ಮೂರು ದಿನ ಹೆಚ್ಚು.

ಪ್ರಶ್ನೆ (ಶಾಲಾ ಶಿಕ್ಷಕಿ, ಶಿರಹಟ್ಟಿ ತಾಲೂಕು): ಯುಕೆಜಿ ಮಕ್ಕಳನ್ನ ಮಾಗಡಿ ಕೆರೆಗೆ ಕರಕೊಂಡು ಹೋಗೋಣ ಅಂತ ಮಾಡೀವ್ರಿ. ಏನು ತೋರಸಬೇಕು, ಏನು ಕಾಳಜಿ ತಗೋಬೇಕು?

ಉತ್ತರ (ಪರಿಸರ ತರಬೇತುದಾರ): ಛಲೋ ಕೆಲಸ. ನವೆಂಬರದಿಂದ ಫೆಬ್ರವರಿ ತನಕ ಪಟ್ಟೆತಲೆ ಹೆಬ್ಬಾತು ಮಧ್ಯ ಏಷ್ಯಾದ ಕಡಿಂದ ಬಂದು ಇಳಿಯೂ ಕೆರಿ ಅದು, 2024ರಾಗ ರಾಮ್ಸಾರ್ ಪಟ್ಟಿಗೂ (ಜಗತ್ತಿನ ಮಹತ್ವದ ಕೆರಿ-ಜೌಗು ಜಾಗಗಳ ಪಟ್ಟಿ) ಸೇರೇತಿ. ಆದ್ರ ಐದು ವರ್ಷದ ಮಕ್ಕಳಿಗೆ ದಂಡಿ ಮ್ಯಾಲಿಂದ ಅದರ ತಲಿ ಮ್ಯಾಲಿನ ಎರಡು ಕಪ್ಪು ಪಟ್ಟಿ ಕಾಣಂಗಿಲ್ಲ, ದುರ್ಬೀನಿನಾಗ ಎರಡೂ ಕಣ್ಣು ಕೂಡಿಸಿ ನೋಡಾಕೂ ಬರಂಗಿಲ್ಲ. ಹೆಸರು ಕಲಸೂದು ಬಿಟ್ಟು ಸದ್ದು, ಸಾಲು, ಗುಂಪು ತೋರಸ್ರಿ. ಹಾರುವಾಗ ಹೆಂಗ ಸಾಲು ಕಟ್ಟತಾವ, ನೀರಿಗೆ ಇಳಿಯುವಾಗ ಕಾಲು ಎಲ್ಲಿ ಇಡತಾವ. ಹೊಲಕ್ಕ ಮೇಯಾಕ ಹೋಗಿ ಬಿಸಲೇರಿದ ಮ್ಯಾಲ ಕೆರಿಗೆ ತಿರುಗಿ ಬರತಾವ, ಆ ಹೊತ್ತು ನೋಡಕೊಂಡು ಹೋಗ್ರಿ. ಹತ್ರನ ಇರೂ ಬೆಳ್ಳಕ್ಕಿ, ರೆಕ್ಕಿ ಬಿಚ್ಚಿ ಒಣಗಿಸೂ ನೀರುಕಾಗಿ ಮಕ್ಕಳಿಗೆ ಹೆಚ್ಚು ದಕ್ಕತಾವ. ಹಸಿ ಮಣ್ಣಿನಾಗ ಹಕ್ಕಿ ಹೆಜ್ಜಿ ಹುಡುಕಿ, ಪಕ್ಕದಾಗ ಕಡ್ಡಿಯಿಂದ ಅಂಥದ್ದ ಗೀರಲಿ.

ಐದು ಮಕ್ಕಳಿಗೆ ಒಬ್ಬರು ದೊಡ್ಡವರು ಇರಲೇಬೇಕು. ದಂಡಿ ಎರಿ ಮಣ್ಣಾಗ ಕಾಲು ಹೂತ್ರ ಕಿತ್ತೂದು ಕಷ್ಟ, ನೀರಿನ ಅಂಚಿಂದ ಹತ್ತು ಹೆಜ್ಜಿ ಹಿಂದ ಹಗ್ಗ ಎಳದು ಗೆರಿ ಮಾಡ್ರಿ. ಹೋಗೂ ದಾರಿಯಾಗಿನ ಗಿಡ ಮೊದಲ ನೀವ ನೋಡಿ ಬರ್ರಿ: ಎಕ್ಕಿ ಹಾಲು ಕಣ್ಣಿಗೆ ಹೋದ್ರ ಭಾಳ ತ್ರಾಸ, ಕಳ್ಳಿ ಹಾಲೂ ಹಂಗ. ಕಣಗಿಲ, ಔಡಲ ಬೀಜ, ದತ್ತೂರಿ ಕಾಯಿ ಬಾಯಿಗೆ ಹೋಗಬಾರದು. ಕಾಂಗ್ರೆಸ್ ಕಸ ಕಿತ್ತು ಆಡಿದ್ರ ಮೈ ತುರಸತೈತಿ. ಹಾಲು ಕಣ್ಣಿಗೆ ಬಿದ್ರ ತಿಕ್ಕಬ್ಯಾಡ್ರಿ, ಹದಿನೈದು ನಿಮಿಷ ಸ್ವಚ್ಛ ನೀರು ಹಾಕಿ ತೊಳದು ದವಾಖಾನಿಗೆ ಹೋಗ್ರಿ.

ಪ್ರಶ್ನೆ (ಪ್ರಾಥಮಿಕ ಶಾಲೆ ಶಿಕ್ಷಕ, ಹಾವೇರಿ ಜಿಲ್ಲೆ): ಪಾಲಕರು "ಮಣ್ಣು ಆಡಸ್ತೀರಿ, ಅಕ್ಷರ ಯಾವಾಗ?" ಅಂತಾರೆ. ಏನು ಹೇಳಬೇಕು?

ಉತ್ತರ (ಚಿತ್ರಕಲಾ ಶಿಕ್ಷಕಿ): ಹೇಳುವುದಕ್ಕಿಂತ ತೋರಿಸಿ. ಜೂನಿನ ಚಿತ್ರ, ಸೆಪ್ಟೆಂಬರಿನ ಚಿತ್ರ, ಡಿಸೆಂಬರಿನ ಚಿತ್ರ ಒಂದೇ ಕಡತದಲ್ಲಿ, ಹಿಂದೆ ಮಗು ಹೇಳಿದ ಮಾತಿನ ಸಮೇತ ಇಡಿ. ಗೆರೆ ಹತೋಟಿಗೆ ಬಂದದ್ದು, ಮಾತು ಉದ್ದವಾದದ್ದು ಎರಡೂ ಅವರಿಗೇ ಕಾಣುತ್ತದೆ. ಪೆನ್ಸಿಲನ್ನು ಮೂರು ಬೆರಳಲ್ಲಿ ಹಿಡಿಯುವ ಬಲ ನಾದುವುದು, ಚಿವುಟುವುದು, ಹರಿಯುವುದರಿಂದಲೇ ಬರುವುದು. ಆ ಬಲ ಬರುವ ಮೊದಲು ಪುಟಗಟ್ಟಲೆ ಬರೆಸಿದರೆ ಮಗು ಮುಷ್ಟಿಯಲ್ಲಿ ಪೆನ್ಸಿಲ್ ಹಿಡಿದು ಮಣಿಕಟ್ಟು ನೋಯಿಸಿಕೊಳ್ಳುತ್ತದೆ. 3ರಿಂದ 8 ವರ್ಷದವರಿಗಾಗಿ 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೂ ಆಟ, ಕಲೆ, ಸುತ್ತಲಿನ ಪರಿಸರದ ಮೂಲಕವೇ ಕಲಿಕೆ ಎನ್ನುತ್ತದೆ, ಬೇಕಾದರೆ ಅದನ್ನೂ ಮುಂದಿಡಿ.

ಪ್ರಶ್ನೆ (ನರ್ಸರಿ ಟೀಚರ್, ಗದಗ): ಸರ, ನೀವು ಹೇಳಿದಂಗ ಡಬ್ಬಿ ಬದಲಿ ಮಾಡಿ ಮತ್ತೆರಡು ಹುಳ ಸಾಕಿದ್ವಿ. ಒಂದು ಪಾತರಗಿತ್ತಿ ಆತು. ಇನ್ನೊಂದು ಕೋಶದಿಂದ ಸಣ್ಣ ಸಣ್ಣ ನೊಣದಂಥವು ಹತ್ತಾರು ಹೊರಗ ಬಂದಾವ. ಮಕ್ಕಳಿಗೆ ಏನು ಹೇಳೂದು?

ಉತ್ತರ (ಪರಿಸರ ತರಬೇತುದಾರ): ಇದ್ದದ್ದ ಹೇಳ್ರಿ. ಅವು ನೊಣ ಅಲ್ಲ, ಪರಾವಲಂಬಿ ಕಣಜ ಇರಬೇಕು. ಹುಳ ಅಥವಾ ಹೊಸ ಕೋಶದ ಒಳಗ ಮೊಟ್ಟಿ ಇಡತಾವ, ಮರಿ ಒಳಗಿಂದ ತಿಂದು ಬೆಳಿತಾವ. ಮನುಷ್ಯಾರಿಗೆ ಏನೂ ಮಾಡಂಗಿಲ್ಲ. ಹೊಲದಾಗ ಕೀಡಿ ಹತೋಟಿಯಾಗಿ ಇರೂದು ಇಂಥವುಗಳಿಂದನ. ಕೋಶದ ಮ್ಯಾಲಿನ ಸೂಜಿಮೊನೆಯಷ್ಟು ತೂತು ಮಸೂರದಾಗ ತೋರಸಿ, ಪಾತರಗಿತ್ತಿ ಬಂದ ಕೋಶ ಹೆಂಗ ಸೀಳೇತಿ, ಇದು ಹೆಂಗ ತೂತಾಗೇತಿ ಅಂತ ಎರಡೂ ಪಕ್ಕಪಕ್ಕ ಬಿಡಸಾಕ ಹಚ್ರಿ. ಮುಂದಿನ ಸಲ ಮೊಟ್ಟಿ ಇಲ್ಲಾ ತೀರಾ ಸಣ್ಣ ಹುಳ ಇದ್ದಾಗನ ತಂದ್ರ ಹಿಂಗ ಆಗೂದು ಕಡಿಮಿ. ಕರಿಬೇವಿನ ಎಳೀ ಚಿಗುರಿನ ಮ್ಯಾಲ ಸಾಸಿವಿಗಿಂತ ಸಣ್ಣ, ದುಂಡನ, ತಿಳಿ ಹಳದಿ ಮೊಟ್ಟಿ ಹುಡುಕ್ರಿ.